ಜನರಲ್ ಬರೆದ ನಾಟಕಗಳು: ಬರ್ಗಾಯ್ನ್ ಬಗ್ಗೆ ಕೊಡಗಿನಲ್ಲಿ ಕೂತು ಮಾತಾಡೋಣ

ಮೇಷ್ಟ್ರು, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಕಕ್ಕಡದ ಮಳೆ ಬಿಡುವ ಹಾಗೆ ಕಾಣುತ್ತಿಲ್ಲ. ಕರೆಂಟ್ ಬಂದಾಗ ಒಂದಿಷ್ಟು, ಹೋದಾಗ ಕಾಗದದ ಮೇಲೆ ಒಂದಿಷ್ಟು ಅಂತ ಇದನ್ನು ಬರೆದಿದ್ದೇನೆ.

ನಮ್ಮ ಹವ್ಯಾಸಿ ತಂಡಕ್ಕೆ ಈ ವರ್ಷ ಒಂದು ಹೊಸ ನಾಟಕ ಬೇಕು. ಕೊಡಗಿನಲ್ಲಿ ಆಡುವುದು ಅಂದ ಮೇಲೆ ಸೈನಿಕನ ಕಥೆ ಆದರೆ ಒಳ್ಳೆಯದು ಅಂತ ಹುಡುಗರು ಹೇಳಿದರು. ಹುಡುಕುತ್ತಾ ಹೋದಾಗ ಸಿಕ್ಕವನು ಜಾನ್ ಬರ್ಗಾಯ್ನ್. ಬ್ರಿಟಿಷ್ ಜನರಲ್. 1722ರಲ್ಲಿ ಹುಟ್ಟಿದ, 1792ರಲ್ಲಿ ಸತ್ತ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸರಾಟೋಗದಲ್ಲಿ ಇಡೀ ಸೇನೆಯ ಜೊತೆ ಶರಣಾದವನು. ಶಾಲೆಯ ಪುಸ್ತಕದಲ್ಲಿ ಅವನಿಗೆ ಸಿಗುವುದು ಆ ಒಂದು ಸಾಲು ಮಾತ್ರ. ನಾನೂ ಮೂವತ್ತು ವರ್ಷ ಅಷ್ಟನ್ನೇ ಪಾಠ ಮಾಡಿದೆ. ಆ ಮನುಷ್ಯ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರಕ್ಕೆ ನಾಟಕ ಬರೆಯುತ್ತಿದ್ದ, ಅವು ತುಂಬಿದ ಮನೆಯಲ್ಲಿ ಓಡುತ್ತಿದ್ದವು ಅಂತ ನನಗೆ ಗೊತ್ತೇ ಇರಲಿಲ್ಲ.

ಜೀವನವೂ ನಾಟಕದ ಹಾಗೇ ಇದೆ. ಚಿಕ್ಕ ವಯಸ್ಸಿನಲ್ಲೇ ಸೇನೆ ಸೇರಿದ. ಡರ್ಬಿ ಅರ್ಲ್ ಮನೆತನದ ಮಗಳು ಷಾರ್ಲೆಟ್ ಸ್ಟಾನ್ಲಿಯನ್ನು ಪ್ರೀತಿಸಿ, ಮನೆಯವರಿಗೆ ಹೇಳದೆ ಓಡಿಹೋಗಿ ಮದುವೆಯಾದ. ಮಾವ ಸಿಟ್ಟಾದ. ಕೈಯಲ್ಲಿ ದುಡ್ಡಿಲ್ಲ, ತಲೆತುಂಬ ಸಾಲ. ಆ ಕಾಲದಲ್ಲಿ ಸೇನೆಯ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳಬಹುದಿತ್ತು, ಮಾರಬಹುದಿತ್ತು. ತನ್ನ ಹುದ್ದೆ ಮಾರಿ ಗಂಡ ಹೆಂಡತಿ ಫ್ರಾನ್ಸ್‌ಗೆ ಹೋಗಿ ಇದ್ದರು. ಆಮೇಲೆ ಮಾವನ ಮನಸ್ಸು ಕರಗಿತು, ಈತ ಮತ್ತೆ ಸೇನೆಗೆ ಬಂದ. 1759ರಲ್ಲಿ ಹಗುರ ಕುದುರೆ ಪಡೆಯೊಂದನ್ನು ತಾನೇ ಕಟ್ಟಿದ.

ಆ ಪಡೆಯ ಅಧಿಕಾರಿಗಳಿಗೆ ಅವನು ಬರೆದುಕೊಟ್ಟ ಸೂಚನೆಗಳನ್ನು ಓದಿದಾಗ ನನಗೆ ಈ ಮನುಷ್ಯನ ಮೇಲೆ ಪ್ರೀತಿ ಬಂತು. ಸೈನಿಕ ಯೋಚನೆ ಮಾಡುವ ಜೀವ, ಅವನನ್ನು ಹಾಗೇ ನಡೆಸಿಕೊಳ್ಳಿ ಅನ್ನುತ್ತಾನೆ. ನಾಯಿಗೆ ಕಲಿಸಿದ ಹಾಗೆ ಬೆತ್ತದಲ್ಲಿ ಕಲಿಸಬೇಡಿ, ಬಯ್ಯಬೇಡಿ ಅನ್ನುತ್ತಾನೆ. ಕುದುರೆಗೆ ಜೀನು ಲಗಾಮು ಹಾಕುವುದನ್ನು ಅಧಿಕಾರಿಯೂ ತನ್ನ ಕೈಯಾರೆ ಮಾಡಿ ಕಲಿಯಬೇಕು. ಓದುವ ಅಭ್ಯಾಸ ಇರಬೇಕು. ಸೈನಿಕರ ಬೆನ್ನಿನ ಮೇಲೆ ಚಾಟಿ ಆಡುತ್ತಿದ್ದ ಕಾಲದಲ್ಲಿ ಬರೆದ ಮಾತು ಇದು, ನೆನಪಿರಲಿ.

ಈಗ ನನ್ನನ್ನು ಹಿಡಿದು ಕೂರಿಸಿದ ದೃಶ್ಯ. 1775ರಲ್ಲಿ ಬರ್ಗಾಯ್ನ್ ಬಾಸ್ಟನ್ ಊರಿಗೆ ಬಂದ. ಊರಿನೊಳಗೆ ಬ್ರಿಟಿಷರು, ಸುತ್ತ ವಾಷಿಂಗ್ಟನ್ ಸೇನೆ. ಚಳಿಗಾಲ. ಹೊತ್ತು ಹೋಗದ ಅಧಿಕಾರಿಗಳು ಫ್ಯಾನುಯಿಲ್ ಹಾಲ್ ಅನ್ನೋ ಸಭಾಭವನವನ್ನೇ ನಾಟಕಶಾಲೆ ಮಾಡಿಕೊಂಡರು. ಬರ್ಗಾಯ್ನ್ ಅವರಿಗಾಗಿ 'ಬಾಸ್ಟನ್ ಮುತ್ತಿಗೆ' ಅನ್ನುವಂಥ ಒಂದು ಪ್ರಹಸನ ಬರೆದ. ಅದರಲ್ಲಿ ವಾಷಿಂಗ್ಟನ್ ಪಾತ್ರಧಾರಿ ತಲೆಗೆ ಹಿಡಿಸದ ದೊಡ್ಡ ವಿಗ್ಗು ಹಾಕಿಕೊಂಡು, ತುಕ್ಕು ಹಿಡಿದ ಉದ್ದ ಕತ್ತಿ ಎಳೆದುಕೊಂಡು ಬರುತ್ತಾನೆ. 1776ರ ಜನವರಿ 8ರ ರಾತ್ರಿ ಆಟ. ಅದೇ ಹೊತ್ತಿಗೆ ಆಚೆ ಚಾರ್ಲ್ಸ್‌ಟೌನ್ ಮೇಲೆ ಅಮೆರಿಕನ್ನರು ನಿಜವಾಗಿ ದಾಳಿ ಮಾಡಿದರು. ಒಬ್ಬ ಸಾರ್ಜೆಂಟ್ ವೇದಿಕೆ ಮೇಲೆ ಓಡಿ ಬಂದು, ಶತ್ರು ಬಂದಿದ್ದಾನೆ, ಎದ್ದು ಬನ್ನಿ ಅಂತ ಕೂಗಿದ. ಜನ ಚಪ್ಪಾಳೆ ಹೊಡೆದರು! ಎಷ್ಟು ಚೆನ್ನಾಗಿ ಮಾಡಿದ ಅಂದುಕೊಂಡರು. ಆಮೇಲೆ ಅಧಿಕಾರಿಗಳೆಲ್ಲ ತಮ್ಮ ತಮ್ಮ ಠಾಣೆಗೆ ಓಡಿ ಅನ್ನೋ ಆಜ್ಞೆ ಬಂದಾಗಲೇ ಗೊತ್ತಾಗಿದ್ದು. ಬೆಂಚು ಹಾರಿ ಓಡುವವರು, ಮೂರ್ಛೆ ಹೋಗುವ ಹೆಂಗಸರು, ಮುಖದ ಬಣ್ಣ ತೊಳೆಯಲು ನೀರು ನೀರು ಅಂತ ಕೂಗುವ ನಟರು.

ಇದನ್ನೇ ನಾಟಕದ ನಡುಮನೆ ಮಾಡೋಣ ಅಂತ ನನಗನ್ನಿಸುತ್ತಿದೆ. ನಿಮ್ಮ ಅಭಿಪ್ರಾಯ ಬೇಕು. ಅದರಲ್ಲೂ ಸೇನೆಯಲ್ಲಿದ್ದವರ ಅಭಿಪ್ರಾಯ.

ಕುಶಾಲನಗರದ ವಿದ್ಯಾರ್ಥಿ

ಮೇಷ್ಟ್ರೇ, ಓದಿ ರೋಮಾಂಚನ ಆಯಿತು. ಒಂದು ಪ್ರಶ್ನೆ. ಆ ರಾತ್ರಿ ಬರ್ಗಾಯ್ನ್ ಸಭೆಯಲ್ಲಿ ಕೂತಿದ್ದನಾ? ತನ್ನ ನಾಟಕ ಹೀಗೆ ನಿಂತುಹೋದಾಗ ಅವನ ಮುಖ ಹೇಗಿತ್ತು ಅಂತ ತೋರಿಸಿದರೆ ಚೆನ್ನಾಗಿರುತ್ತದೆ ಅಲ್ವಾ? ಆ ಪ್ರಹಸನದ ಪ್ರತಿ ಎಲ್ಲಾದರೂ ಸಿಗುತ್ತದಾ?

ಮೇಷ್ಟ್ರು, ಮಡಿಕೇರಿ

ಅವನು ಅಲ್ಲಿ ಇರಲಿಲ್ಲಪ್ಪ. 1775ರ ಡಿಸೆಂಬರಿನಲ್ಲೇ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟಿದ್ದ. ಬರೆದವನು ಸಮುದ್ರದ ಆಚೆ, ಅವನ ಮಾತು ಆಡುವವರು ಈಚೆ. ಪ್ರತಿ ಉಳಿದಿಲ್ಲ. ಅದಕ್ಕೆ ಉತ್ತರವಾಗಿ ಅಮೆರಿಕದ ಕಡೆಯಿಂದಲೂ ಅದೇ ವರ್ಷ ಒಂದು ಪ್ರಹಸನ ಅಚ್ಚಾಯಿತು, ಅದು ಉಳಿದಿದೆ. ಗುಂಡಿಗೆ ಗುಂಡು, ನಾಟಕಕ್ಕೆ ನಾಟಕ!

ಕಾಫಿ ಹೂ, ಸಿದ್ದಾಪುರ

ಮೇಷ್ಟ್ರೇ, ನಿಮ್ಮ ಸಾರ್ಜೆಂಟ್ ಕಥೆ ಓದುತ್ತಿದ್ದ ಹಾಗೇ ನನಗೆ ನಮ್ಮೂರಿನ ಒಂದು ರಾತ್ರಿ ನೆನಪಾಯಿತು. ನಾನು ಏಳನೇ ಕ್ಲಾಸಿನಲ್ಲಿದ್ದೆ. ಶಾಲೆಯ ಮೈದಾನದಲ್ಲಿ ಊರವರ ನಾಟಕ. ಗ್ಯಾಸ್‌ಲೈಟ್ ಹಚ್ಚಿದ್ದರು. ರಾಜ ಬೇಟೆಗೆ ಹೊರಡುವ ದೃಶ್ಯ ನಡೆಯುತ್ತಿತ್ತು. ಲೈನ್‌ಮನೆ ಕಡೆಯಿಂದ ಒಬ್ಬರು ಓಡಿ ಬಂದು, ನೇರ ವೇದಿಕೆ ಹತ್ತಿ, "ಆನೆ ಬಂತು, ಆನೆ ಬಂತು, ಎಲ್ಲ ಶಾಲೆ ಒಳಗೆ ಹೋಗಿ" ಅಂತ ಕೂಗಿದರು. ಉಟ್ಟಿದ್ದ ಲುಂಗಿ ಮೊಣಕಾಲಿನವರೆಗೆ ಕೆಸರು. ಜನ ಶಿಳ್ಳೆ ಹೊಡೆದರು. ರಾಜನ ಪಾತ್ರ ಮಾಡಿದವರು ಕೂಡ ಮಾತು ಮರೆತು, ಇವನು ಯಾವ ಪಾತ್ರ ಅಂತ ಪಕ್ಕಕ್ಕೆ ತಿರುಗಿ ನೋಡಿದರು. ನಮ್ಮ ಅಮ್ಮ ಮಾತ್ರ ನಗಲಿಲ್ಲ. ಅವರಿಗೆ ಬಿದಿರು ಮುರಿಯುವ ಸದ್ದು ಕೇಳಿಸಿತ್ತು. ನನ್ನ ರಟ್ಟೆ ಹಿಡಿದು ಎಳೆದುಕೊಂಡು ಒಳಗೆ ಓಡಿದರು. ಆ ಹಿಡಿತದ ನೋವು ಎರಡು ದಿನ ಇತ್ತು.

ಆನೆ ಮೈದಾನದ ಅಂಚಿನ ಬೈನೆ ಮರ ಬೀಳಿಸಿ, ತಿಂದು, ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಓಡಿ ಬಂದ ಆ ಮನುಷ್ಯ ಜಗಲಿಯ ಮೇಲೆ ಕೂತು ಅಳುತ್ತಿದ್ದರು. ನಾನು ಹೇಳಿದ್ದು ಯಾರೂ ನಂಬಲಿಲ್ಲ ಅಂತ. ನನಗೆ ಇವತ್ತಿಗೂ ಆ ನಾಟಕದ ಕಥೆ ನೆನಪಿಲ್ಲ, ಅವರ ಅಳು ನೆನಪಿದೆ.

ಅದಕ್ಕೇ ಹೇಳುತ್ತೇನೆ. ನಾಟಕದಲ್ಲಿ ಜನರಲ್‌ಗಿಂತ ಜಾಸ್ತಿ ಆ ಸಾರ್ಜೆಂಟ್ ಕಡೆ ಗಮನ ಕೊಡಿ. ನಿಜ ಹೇಳಿ ಚಪ್ಪಾಳೆ ಗಿಟ್ಟಿಸಿದವನ ಎದೆ ಹೇಗೆ ಹೊಡೆದುಕೊಂಡಿರಬೇಕು!

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಮೇಷ್ಟ್ರೇ, ಸೇನೆಯವರ ಅಭಿಪ್ರಾಯ ಕೇಳಿದಿರಿ. ನಾನು ಎಂ.ಇ.ಜಿ.ಯಲ್ಲಿ, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ, 28 ವರ್ಷ ಇದ್ದವನು. ಸೇತುವೆ ಕಟ್ಟುವುದು ನಮ್ಮ ಕೆಲಸ. ಅದಕ್ಕೇ ಸರಾಟೋಗದ ಸೋಲನ್ನು ನಾನು ನೋಡುವ ಕಣ್ಣು ಬೇರೆ.

1777ರ ಜೂನ್‌ನಲ್ಲಿ ಬರ್ಗಾಯ್ನ್ ಕೆನಡಾದಿಂದ ದಕ್ಷಿಣಕ್ಕೆ ಹೊರಟ. 7 ಸಾವಿರದ ಮೇಲೆ ಸೈನಿಕರು. ಹಡ್ಸನ್ ನದಿಗುಂಟ ಇಳಿದು ಆಲ್ಬನಿ ಸೇರಬೇಕು. ಮೊದಲ ಕೆಲಸ ಟೈಕಾಂಡೆರೋಗ ಕೋಟೆ. ಕೋಟೆಯ ಎದುರಿಗೆ ಒಂದು ಕಡಿದಾದ ಗುಡ್ಡ. ಅದರ ಮೇಲೆ ಫಿರಂಗಿ ಹತ್ತುವುದಿಲ್ಲ ಅಂತ ಅಮೆರಿಕನ್ನರು ಸುಮ್ನೆ ಬಿಟ್ಟಿದ್ದರು. ಆಡು ಹತ್ತುವಲ್ಲಿ ಮನುಷ್ಯ ಹತ್ತುತ್ತಾನೆ, ಮನುಷ್ಯ ಹತ್ತುವಲ್ಲಿ ಫಿರಂಗಿಯೂ ಹತ್ತುತ್ತದೆ ಅಂತ ಫಿರಂಗಿ ಪಡೆಯ ಫಿಲಿಪ್ಸ್ ಹೇಳಿದನಂತೆ. ಹತ್ತಿಸಿಯೇ ಬಿಟ್ಟರು. ಬೆಳಗಾಗುವುದರಲ್ಲಿ ಕೋಟೆ ಖಾಲಿ. ಇಲ್ಲಿವರೆಗೆ ನನ್ನ ಸೆಲ್ಯೂಟ್.

ಆಮೇಲೆ ದಾರಿ ತಪ್ಪಿತು. ಸ್ಕೀನ್ಸ್‌ಬರೋದಿಂದ ಫೋರ್ಟ್ ಎಡ್ವರ್ಡ್‌ಗೆ ಇರುವುದು 37 ಕಿಲೋಮೀಟರು. ನಮ್ಮಲ್ಲಿ ಗೋಣಿಕೊಪ್ಪದಿಂದ ಕುಟ್ಟ ಕಡೆ ಹೋದಷ್ಟು. ಆ ದಾರಿಗೆ ಅವರಿಗೆ ವಾರಗಟ್ಟಲೆ ಬೇಕಾಯಿತು. ಅಮೆರಿಕನ್ನರು ದೊಡ್ಡ ದೊಡ್ಡ ಮರಗಳನ್ನು ದಾರಿಗೆ ಅಡ್ಡ ಬೀಳಿಸಿದರು, ತೊರೆಗಳನ್ನು ತಿರುಗಿಸಿ ದಾರಿಯನ್ನೇ ಕೆಸರು ಗದ್ದೆ ಮಾಡಿದರು. 40ಕ್ಕಿಂತ ಜಾಸ್ತಿ ಸೇತುವೆ ಕಟ್ಟಬೇಕಾಯಿತು ಅಂತ ಬರ್ಗಾಯ್ನ್ ತಾನೇ ಬರೆದಿದ್ದಾನೆ.

ನಾವು ಬೈಲಿ ಬ್ರಿಡ್ಜ್, ಅಂದರೆ ಕಬ್ಬಿಣದ ಚೌಕಟ್ಟುಗಳನ್ನು ಜೋಡಿಸುವ ಸೇನೆಯ ಸೇತುವೆ, ಕಟ್ಟುವಾಗ ಒಂದು ಪ್ಯಾನೆಲ್ ಎತ್ತಲು ಆರು ಜನ ಬೇಕು. ಸುಮಾರು 260 ಕಿಲೋ. ಮಳೆಯಲ್ಲಿ ಕಬ್ಬಿಣ ಕೈಯಿಂದ ಜಾರುತ್ತದೆ. ಒಬ್ಬನ ಕಾಲು ಜಾರಿದರೆ ಐವರ ಬೆನ್ನು ಹೋಗುತ್ತದೆ. ಅದೂ ಅಳತೆ ಮಾಡಿ ತಯಾರಿಸಿದ ಪ್ಯಾನೆಲ್. ಇವರು ಹಸಿ ಮರ ಕಡಿದು, ಕೊಡಲಿಯಲ್ಲಿ ಕೆತ್ತಿ, ಹೆಗಲ ಮೇಲೆ ಹೊತ್ತು ಕಟ್ಟಿದ್ದಾರೆ. ಉಣ್ಣೆಯ ಕೋಟು ತೊಟ್ಟು, ಜುಲೈ ಸೆಕೆಯಲ್ಲಿ, ಸೊಳ್ಳೆಯ ನಡುವೆ. ಅದೂ ಯಾರಿಗಾಗಿ? ಹಿಂದೆ ಬರುತ್ತಿದ್ದ ಫಿರಂಗಿ ಸಾಲಿಗಾಗಿ, ಜನರಲ್‌ನ ಬಟ್ಟೆಬರೆ ಪೆಟ್ಟಿಗೆ ಮತ್ತು ಶಾಂಪೇನ್ ಗಾಡಿಗಾಗಿ. ಅವನ ಸ್ವಂತ ಸಾಮಾನಿಗೇ 30 ಗಾಡಿ ಇತ್ತು ಅನ್ನುತ್ತಾರೆ.

ನಮ್ಮ ಜನಕ್ಕೆ ಇದು ಬೇಗ ಅರ್ಥ ಆಗುತ್ತದೆ. ಕೊಡಗಿನ ಕಡಂಗಗಳನ್ನು ನೋಡಿದ್ದೀರಲ್ಲ? ಹಿಂದಿನವರು ಕಾಡು ಗುಡ್ಡ ಹಾದು ತೋಡಿದ ಆಳದ ಕಂದಕ. ಹೈದರ್, ಟಿಪ್ಪು ಸೇನೆಗಳು ಮತ್ತೆ ಮತ್ತೆ ಬಂದರೂ ಇಲ್ಲಿ ನೆಮ್ಮದಿಯಾಗಿ ನಿಲ್ಲಲು ಆಗಲಿಲ್ಲ. ಕಾಡು, ಮಳೆ, ದಾರಿ ಗೊತ್ತಿರುವ ಸ್ಥಳೀಯ. ಈ ಮೂರು ಎದುರಿದ್ದರೆ ದೊಡ್ಡ ಸೇನೆಯೇ ದೊಡ್ಡ ಹೊರೆ.

ಆಗಸ್ಟ್ 16ರಂದು ಬೆನ್ನಿಂಗ್ಟನ್ ಕಡೆಗೆ ಕುದುರೆ, ಧಾನ್ಯ ತರಲು ಕಳಿಸಿದ, ಬ್ರಿಟಿಷರು ಬಾಡಿಗೆಗೆ ತಂದಿದ್ದ ಜರ್ಮನ್ ತುಕಡಿಗಳು ಹಾಳಾದವು. ಸುಮಾರು 900 ಜನ ಸತ್ತರು ಇಲ್ಲವೇ ಸೆರೆ ಸಿಕ್ಕರು. ಕುದುರೆ ಇಲ್ಲದ ಕುದುರೆ ಸವಾರರು, ಸವಾರಿಯ ಭಾರದ ಬೂಟು ಹಾಕಿಕೊಂಡು ಕಾಡಲ್ಲಿ ನಡೆಯುತ್ತಿದ್ದರು. ಆ ಬೂಟಿನಲ್ಲಿ ಒಂದು ಮೈಲಿ ನಡೆದು ನೋಡಲಿ ಯಾರಾದರೂ. ಅಕ್ಟೋಬರ್ ಹೊತ್ತಿಗೆ ಊಟದ ಪಡಿತರ ಮೂರನೇ ಒಂದು ಪಾಲು ಕಡಿತ. ದಕ್ಷಿಣದಿಂದ ಬಂದು ಕೂಡಬೇಕಿದ್ದ ಜನರಲ್ ಹೋವ್ ಫಿಲಡೆಲ್ಫಿಯಾಗೆ ಹೋಗಿ ಕೂತಿದ್ದ. ಆ ತಪ್ಪು ಬರ್ಗಾಯ್ನ್‌ದಲ್ಲ, ಲಂಡನ್ನಿನಲ್ಲಿ ಕೂತು ಇಬ್ಬರಿಗೂ ಬೇರೆ ಬೇರೆ ಕೆಲಸಕ್ಕೆ ಒಪ್ಪಿಗೆ ಕೊಟ್ಟವರದ್ದು. ಅಷ್ಟನ್ನು ನಾನು ಒಪ್ಪುತ್ತೇನೆ.

ಗ್ರಂಥಾಲಯದ ಕೆಲಸಗಾರ, ವಿರಾಜಪೇಟೆ

ಸುಬೇದಾರ್ ಸಾಹೇಬ್ರೇ, ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದೀರಿ. ನಾನು ಈ ಮನುಷ್ಯ ನಮ್ಮ ದೇಶಕ್ಕೆ ಎಷ್ಟು ಹತ್ತಿರ ಬಂದಿದ್ದ ಅಂತ ಹೇಳುತ್ತೇನೆ.

ಬರ್ಗಾಯ್ನ್ ಪಾರ್ಲಿಮೆಂಟ್ ಸದಸ್ಯನೂ ಹೌದು. 1772ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವ್ಯವಹಾರ ವಿಚಾರಿಸಲು ಒಂದು ಸಮಿತಿ ಆಯಿತಲ್ಲ, ಅದನ್ನು ಕೇಳಿ ತಂದವನೂ ಅವನೇ, ಅದರ ಅಧ್ಯಕ್ಷನೂ ಅವನೇ. ಬಂಗಾಳದಲ್ಲಿ ಆಗ ಭೀಕರ ಬರ ಕಳೆದು ಎರಡು ವರ್ಷ ಆಗಿತ್ತು. 1773ರಲ್ಲಿ ಅವನು ಸಭೆಯಲ್ಲಿ ಎದ್ದು ನಿಂತು ರಾಬರ್ಟ್ ಕ್ಲೈವ್ ಮೇಲೆ ನೇರವಾಗಿ ನಿರ್ಣಯ ತಂದ. ಪ್ಲಾಸಿ ಆದ ಮೇಲೆ ಕ್ಲೈವ್ ಬಾಚಿಕೊಂಡ ದುಡ್ಡು 2 ಲಕ್ಷ 34 ಸಾವಿರ ಪೌಂಡ್ ಅಂತ ಲೆಕ್ಕ ಇಟ್ಟ. ಕೊನೆಗೆ ಸಭೆ ಏನು ಮಾಡಿತು? ದುಡ್ಡು ತೆಗೆದುಕೊಂಡಿದ್ದು ನಿಜ, ಆದರೆ ದೇಶಕ್ಕೆ ದೊಡ್ಡ ಸೇವೆ ಮಾಡಿದ್ದಾನೆ ಅಂತ ಹೇಳಿ ಕ್ಲೈವ್‌ನನ್ನು ಬಿಟ್ಟಿತು. ಮುಂದೆ ವಾರನ್ ಹೇಸ್ಟಿಂಗ್ಸ್ ವಿಚಾರಣೆ 1788ರಲ್ಲಿ ಶುರುವಾದಾಗಲೂ ಆರೋಪ ಮಂಡಿಸುವವರ ಗುಂಪಿನಲ್ಲಿ ಬರ್ಗಾಯ್ನ್ ಇದ್ದ. ಆ ವಯಸ್ಸಿನಲ್ಲಿ, ಆ ಸೋಲಿನ ನಂತರ ಕೂಡ.

ಇನ್ನೊಂದು ಮಾತು. ಮದರಾಸಿನ ಹಳೆ ದಾಖಲೆಗಳಲ್ಲಿ ಒಬ್ಬ ಜನರಲ್ ಸರ್ ಜಾನ್ ಬರ್ಗಾಯ್ನ್ ಸಿಗುತ್ತಾನೆ. 1782ರಲ್ಲಿ ಕುದುರೆ ಪಡೆ ಕಟ್ಟಿಕೊಂಡು ಹೈದರನ ಕಾಲದಲ್ಲಿ ಬಂದವನು, 1785ರಲ್ಲಿ ಅಲ್ಲೇ ತೀರಿಕೊಂಡ. ಅವನು ಬೇರೆ, ಅದೇ ಮನೆತನದವನು. ನಾಟಕಕಾರ ಭಾರತಕ್ಕೆ ಬರಲೇ ಇಲ್ಲ. ತುಂಬಾ ಜನ ಇಬ್ಬರನ್ನೂ ಒಬ್ಬನೇ ಅಂದುಕೊಳ್ಳುತ್ತಾರೆ. ಮೇಷ್ಟ್ರೇ, ನೀವು ಜಾಗ್ರತೆ.

ಅಮೆರಿಕದಲ್ಲಿ ಶರಣಾದ ಇನ್ನೊಬ್ಬ ಜನರಲ್ ಮಾತ್ರ ನಮ್ಮ ಬಾಗಿಲಿಗೇ ಬಂದ. ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತವನು 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತಿದ್ದ. ಅವನಿಗೆ ನೆರವಾಗಲು ಅಬರ್‌ಕ್ರೋಂಬಿಯ ಬೊಂಬಾಯಿ ಸೇನೆ ಮಲಬಾರಿನಿಂದ ಹತ್ತಿ ಬಂದಿದ್ದು ನಮ್ಮ ಕೊಡಗಿನ ಮೇಲಿಂದಲೇ, ದೊಡ್ಡ ವೀರರಾಜೇಂದ್ರನ ಸಹಾಯದಿಂದ. ಅದೇ ವರ್ಷ ಆಗಸ್ಟ್ 4ರಂದು ಲಂಡನ್ನಿನಲ್ಲಿ ಬರ್ಗಾಯ್ನ್ ಸತ್ತ. ಒಬ್ಬನಿಗೆ ಸೋಲಿನ ನಂತರ ಗವರ್ನರ್ ಜನರಲ್ ಕುರ್ಚಿ ಸಿಕ್ಕಿತು. ಇನ್ನೊಬ್ಬನಿಗೆ ಮೇಜು, ಶಾಯಿ, ಕಾಗದ.

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಇಲ್ಲಿ ನನ್ನದೊಂದು ತಕರಾರು ಇದೆ. ಎರಡು ದಿನ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ.

ಶರಣಾಗತಿ ಆಗಿದ್ದು 1777ರ ಅಕ್ಟೋಬರ್ 17. ಸುಮಾರು 5,800 ಜನ ಆಯುಧ ಕೆಳಗಿಟ್ಟರು. ಅಮೆರಿಕದ ಜನರಲ್ ಗೇಟ್ಸ್‌ಗೆ ಬರ್ಗಾಯ್ನ್ ಕತ್ತಿ ಕೊಟ್ಟ, ಅವನು ಗೌರವದಿಂದ ಹಿಂದಕ್ಕೆ ಕೊಟ್ಟ. ಚಿತ್ರ ಕೂಡ ಇದೆ, ಅಮೆರಿಕದ ಸಂಸತ್ ಭವನದಲ್ಲಿ ನೇತುಹಾಕಿದ್ದಾರೆ. ಸೈನಿಕರನ್ನು ಇಂಗ್ಲೆಂಡಿಗೆ ಕಳಿಸುತ್ತೇವೆ ಅಂತ ಒಪ್ಪಂದ ಆಗಿತ್ತು. ಅಮೆರಿಕದ ಕಾಂಗ್ರೆಸ್ ಆ ಮಾತು ಉಳಿಸಿಕೊಳ್ಳಲಿಲ್ಲ. ಸೈನಿಕರು ಅಲ್ಲೇ ಸೆರೆಯಲ್ಲಿ ಉಳಿದರು. ಚಳಿಯಲ್ಲಿ ಮ್ಯಾಸಚೂಸೆಟ್ಸ್‌ನಿಂದ ವರ್ಜೀನಿಯಾವರೆಗೆ ನಡೆಸಿದರು. ಜನರಲ್ ಏನು ಮಾಡಿದ? 1778ರಲ್ಲಿ, ಕರೆದರೆ ವಾಪಸ್ ಬರುತ್ತೇನೆ ಅಂತ ಮಾತು ಕೊಟ್ಟು ಬಿಡಿಸಿಕೊಂಡು ಮನೆಗೆ ಬಂದ. ತನ್ನ ಮರ್ಯಾದೆ ಉಳಿಸಿಕೊಳ್ಳಲು ಪಾರ್ಲಿಮೆಂಟಿನಲ್ಲಿ ವಾದ ಮಾಡಿದ. ವಾಪಸ್ ಸೈನಿಕರ ಹತ್ತಿರ ಹೋಗು ಅಂತ ಸರ್ಕಾರ ಹೇಳಿದಾಗ ಹೋಗಲಿಲ್ಲ, 1779ರಲ್ಲಿ ಹುದ್ದೆಗಳನ್ನೇ ಬಿಟ್ಟ. ಆಮೇಲೆ ನಾಟಕ ಬರೆದ.

ಸೈನಿಕ ಯೋಚನೆ ಮಾಡುವ ಜೀವ ಅಂತ ಬರೆದವನು ಇವನೇ ತಾನೇ ಮೇಷ್ಟ್ರೇ? ವರ್ಜೀನಿಯಾದ ಶಿಬಿರದಲ್ಲಿ ಆ ಜೀವಗಳು ಏನು ಯೋಚನೆ ಮಾಡಿರಬೇಕು?

ನಾವು ಕೊಡಗಿನಲ್ಲಿ ಬೇರೆ ಥರ ಕೇಳಿ ಬೆಳೆದವರು. 1965ರ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ, ವಾಯುಪಡೆಯಲ್ಲಿದ್ದವರು, ಪಾಕಿಸ್ತಾನದ ಸೆರೆ ಸಿಕ್ಕರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವನು. ಮಗನನ್ನು ಬಿಟ್ಟು ಕಳಿಸುತ್ತೇನೆ ಅಂದ. ಕಾರ್ಯಪ್ಪನವರು ಬೇಡ ಅಂದರು. ಅಲ್ಲಿ ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಅವನಿಗೆ ಬೇರೆ ಉಪಚಾರ ಬೇಡ ಅಂದರು. ನಾನು ಈ ಮಾತನ್ನು ಮೊದಲು ಕೇಳಿದ್ದು ಅಪ್ಪನ ಬಾಯಲ್ಲಿ, ಕೂಲಿಯವರಿಗೆ ಬಟವಾಡೆ ಮಾಡುತ್ತಾ ಕೂತಿದ್ದಾಗ. ದುಡ್ಡು ಎಣಿಸುವುದು ನಿಲ್ಲಿಸಿ ಹೇಳಿದ್ದರು.

ಜನರಲ್ ತಿಮ್ಮಯ್ಯನವರನ್ನು ತೆಗೆದುಕೊಳ್ಳಿ. 1953ರಲ್ಲಿ ಕೊರಿಯಾದಲ್ಲಿ ಅವರ ಕೆಲಸವೇ ಯುದ್ಧಕೈದಿಗಳದ್ದು. ಊರಿಗೆ ವಾಪಸ್ ಹೋಗಲು ಒಲ್ಲೆ ಅಂದ 22 ಸಾವಿರಕ್ಕೂ ಜಾಸ್ತಿ ಜನ. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಚೀನಾ, ಇಬ್ಬರೂ ಬೈಯುತ್ತಿದ್ದರು. ನಡುವೆ ನಿಂತು, ಒಬ್ಬೊಬ್ಬ ಕೈದಿಯ ಮಾತೂ ಮಾತೇ ಅಂತ ನೋಡಿಕೊಂಡರು. ಮಡಿಕೇರಿಯಲ್ಲಿ ಅವರ ಮನೆಯೇ ಆದ ಸನ್ನಿ ಸೈಡ್ ಮ್ಯೂಸಿಯಂಗೆ ಹೋದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅದೇ.

ನಾಟಕ ಆಡಿ. ಬೇಡ ಅನ್ನುವುದಿಲ್ಲ. ಆದರೆ ಆ 5,800 ಜನ ನಾಟಕದಲ್ಲಿ ಇರಲೇಬೇಕು.

ಮೇಷ್ಟ್ರು, ಮಡಿಕೇರಿ

ಸುಬೇದಾರ್ ಸಾಹೇಬ್ರೇ, ನಿಮ್ಮ ಮಾತಿಗೆ ನನ್ನಲ್ಲಿ ಅಡ್ಡಮಾತು ಇಲ್ಲ. ಅವನು ಕಾಯಿಲೆ ಅಂತ ಕಾರಣ ಹೇಳಿ ಬಂದ. ಮನೆಗೆ ಬಂದು ಸೈನಿಕರ ಪರ ಮಾತಾಡಿದ್ದೂ ಉಂಟು. ಆದರೆ ಅವರ ಜೊತೆ ಇರಲಿಲ್ಲ. ಅದು ಹಾಗೇ ಇರಲಿ, ನಾವು ಮುಚ್ಚುವುದು ಬೇಡ.

ಇನ್ನೊಂದು ಚಿತ್ರ ಮಾತ್ರ ನಿಮ್ಮ ಮುಂದೆ ಇಡುತ್ತೇನೆ. ಅಕ್ಟೋಬರ್ 7ರ ಹೋರಾಟದಲ್ಲಿ ಬರ್ಗಾಯ್ನ್ ಹಿಂದೆ ಕೂತಿರಲಿಲ್ಲ. ಅವನ ಟೋಪಿಗೆ, ಒಳ ಅಂಗಿಗೆ ಗುಂಡು ತಾಗಿ ತೂತಾಗಿತ್ತು. ಕುದುರೆಗೂ ಗುಂಡು ಬಿತ್ತು. ಅವನ ಆಪ್ತ ಸೇನಾನಿ ಸೈಮನ್ ಫ್ರೇಸರ್ ಗುಂಡೇಟು ತಿಂದು ಮಾರನೆಯ ದಿನ ಬೆಳಿಗ್ಗೆ ಸತ್ತ. ಗುಡ್ಡದ ಮೇಲಿನ ದಿಬ್ಬದಲ್ಲಿ ಸಂಜೆ ಹೂಳಬೇಕು ಅಂತ ಅವನ ಆಸೆ. ಸೇನೆ ಹಿಂದೆ ಸರಿಯಬೇಕಾದ ಹೊತ್ತು. ಒಂದೊಂದು ಗಂಟೆಯೂ ಅಮೂಲ್ಯ. ಆದರೂ ಬರ್ಗಾಯ್ನ್ ಕಾದ. ಮಣ್ಣು ಕೊಡುವಾಗ ಅಮೆರಿಕದ ಫಿರಂಗಿ ಗುಂಡುಗಳು ಹತ್ತಿರವೇ ಬೀಳುತ್ತಿದ್ದವು. ಪಾದ್ರಿಯ ಮೈಮೇಲೆ ಮಣ್ಣು ಚಿಮ್ಮುತ್ತಿತ್ತು. ಅವನ ದನಿ ನಡುಗಲಿಲ್ಲ, ಪ್ರಾರ್ಥನೆ ನಿಲ್ಲಲಿಲ್ಲ.

ಇದನ್ನೆಲ್ಲ ನಮಗೆ ಹೇಳಿದವನು ಬರ್ಗಾಯ್ನ್ ತಾನೇ. 1780ರಲ್ಲಿ ಈ ದಂಡಯಾತ್ರೆಯ ಬಗ್ಗೆ ತನ್ನ ಸಮರ್ಥನೆಗೆ ಒಂದು ಪುಸ್ತಕ ತಂದ. ಕಡತ, ಪತ್ರ, ಸಾಕ್ಷಿ ಹೇಳಿಕೆ ತುಂಬಿದ ಪುಸ್ತಕ. ಅದರ ನಡುವೆ ಈ ಮಣ್ಣು ಕೊಡುವ ದೃಶ್ಯ ಬರುತ್ತದೆ. ಸಂಜೆ ಕತ್ತಲು, ಕವಿದ ಧೂಳು, ಸುತ್ತ ನಿಂತವರ ಮುಖ. ಒಬ್ಬ ನುರಿತ ಚಿತ್ರಕಾರ ಬರೆಯಬೇಕಾದ ನೋಟ ಅಂತ ಅವನಿಗೇ ಅನ್ನಿಸಿತ್ತು. ನಾಟಕದ ಕಣ್ಣು ಅವನನ್ನು ಯುದ್ಧದಲ್ಲಿ ಕೆಡಿಸಿತು ಅಂತ ತುಂಬಾ ಜನ ಬರೆದಿದ್ದಾರೆ. ದಂಡಯಾತ್ರೆ ಶುರುವಿನಲ್ಲಿ ಅವನು ಹೊರಡಿಸಿದ ಘೋಷಣೆ ನಾಟಕದ ಸಂಭಾಷಣೆ ಥರವೇ ಇತ್ತು, ಎರಡೂ ದೇಶದವರು ನಕ್ಕರು. ಹೊರಡುವ ಮೊದಲು ಗೆಳೆಯ, ರಾಜಕಾರಣಿ ಫಾಕ್ಸ್ ಜೊತೆ 50 ಗಿನಿ (ಆಗಿನ ಚಿನ್ನದ ನಾಣ್ಯ) ಪಂಥ ಕಟ್ಟಿದ್ದ, 1777ರ ಕ್ರಿಸ್‌ಮಸ್‌ಗೆ ಗೆದ್ದು ಮನೆಗೆ ಬರುತ್ತೇನೆ ಅಂತ. ಆ ಜಂಭ ನಿಜ. ಆದರೆ ಅದೇ ಕಣ್ಣಿಲ್ಲದಿದ್ದರೆ ಫ್ರೇಸರ್‌ನ ಗುಂಡಿಯ ಹತ್ತಿರ ನಿಂತ ಆ ಪಾದ್ರಿ ನಮಗೆ ಸಿಗುತ್ತಿರಲಿಲ್ಲ.

1780ರ ಕೊನೆಯಲ್ಲಿ ಅವನ 'ದಿ ಲಾರ್ಡ್ ಆಫ್ ದಿ ಮ್ಯಾನರ್' ಬಂತು. ಹಾಡುಗಳಿರುವ ನಾಟಕ. ಬಡ ಹುಡುಗರನ್ನು ಮರುಳು ಮಾಡಿ ಸೇನೆಗೆ ಸೇರಿಸುವ ದಲ್ಲಾಳಿಗಳನ್ನು ಅದರಲ್ಲಿ ಚೆನ್ನಾಗಿ ಝಾಡಿಸಿದ್ದಾನೆ. ಸುಬೇದಾರ್ ಸಾಹೇಬ್ರೇ, ಸೈನಿಕರನ್ನು ಅವನು ಪೂರ್ತಿ ಮರೆತಿರಲಿಲ್ಲ ಅಂತ ನನಗನ್ನಿಸುವುದು ಇಲ್ಲಿ.

1786ರ ಜನವರಿಯಲ್ಲಿ 'ದಿ ಏರೆಸ್'. ಇದು ಅವನ ಅತಿ ದೊಡ್ಡ ಗೆಲುವು. ವಯಸ್ಸು 64ರ ಹತ್ತಿರ. ಹೊಸ ದುಡ್ಡಿನ ಒಂದು ಮನೆ, ಅಲ್ಲಿ ಆಸ್ತಿಯ ಒಡತಿ ಅಂತ ಮೆರೆಯುವ ಒಬ್ಬಳು. ಅದೇ ಮನೆಯಲ್ಲಿ ಸಂಬಳಕ್ಕಿರುವ ಬಡ ಹುಡುಗಿ. ಕೊನೆಗೆ ನೋಡಿದರೆ ಆಸ್ತಿಯ ನಿಜವಾದ ಹಕ್ಕು ಆ ಬಡ ಹುಡುಗಿಯ ಮನೆತನದ್ದು. ಒಂದೇ ವರ್ಷದಲ್ಲಿ ಪುಸ್ತಕ 10 ಮುದ್ರಣ ಕಂಡಿತು. ಆಸ್ತಿ ಜಗಳ, ಜಮ್ಮಾ ಜಮೀನಿನ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಪತ್ರ, ಪಾಲು ಪಟ್ಟಿ ಗೊತ್ತಿರುವ ನಮ್ಮೂರಿನವರಿಗೆ ಈ ಕಥೆ ಹೇಳಿಕೊಡಬೇಕಾ?

ಕಾಫಿ ಹೂ, ಸಿದ್ದಾಪುರ

ಹೆಂಗಸರ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ನಾನು ಬರೆಯುತ್ತೇನೆ.

ಅವನ ಜೊತೆ ಓಡಿಬಂದ ಷಾರ್ಲೆಟ್ 1776ರ ಜೂನ್‌ನಲ್ಲಿ ತೀರಿಕೊಂಡಳು. ಆಗ ಅವನು ಕೆನಡಾದಲ್ಲಿದ್ದ. ಸೇನೆಯವರ ಮನೆಗಳಲ್ಲಿ ಇದು ಏನು ಅಂತ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ನಮ್ಮ ದೊಡ್ಡಪ್ಪ ಗಡಿಯಲ್ಲಿದ್ದಾಗ ದೊಡ್ಡಮ್ಮ ಹೋದರು. ಟೆಲಿಗ್ರಾಂ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಮೇಲೆ ಅವರು ರಜೆಗೆ ಬಂದಾಗ ಮೊದಲು ಮಾಡಿದ ಕೆಲಸ, ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಸುಮ್ನೆ ಕೂತಿದ್ದು.

ಕೊನೆಗಾಲದಲ್ಲಿ ಬರ್ಗಾಯ್ನ್ ಸೂಸನ್ ಕಾಲ್‌ಫೀಲ್ಡ್ ಅನ್ನುವ ಗಾಯಕಿಯ ಜೊತೆ ಬಾಳಿದ. ಮದುವೆ ಆಗಲಿಲ್ಲ. ನಾಲ್ಕು ಮಕ್ಕಳು. ಹಿರಿಯ ಮಗ ಜಾನ್ ಫಾಕ್ಸ್ ಬರ್ಗಾಯ್ನ್ ಅಪ್ಪನಿಗಿಂತ ಮೇಲೇರಿ ಫೀಲ್ಡ್ ಮಾರ್ಷಲ್ ಆದ. ಅವನೂ ಎಂಜಿನಿಯರ್ ಪಡೆಯವನೇ, ಸುಬೇದಾರ್ ಅಣ್ಣ!

ಇನ್ನೊಬ್ಬಳು ಎಲಿಜಬೆತ್ ಫ್ಯಾರೆನ್. ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಬೆಳೆದ ಬಡ ಹುಡುಗಿ. 'ದಿ ಏರೆಸ್'ನಲ್ಲಿ ದೊಡ್ಡ ಮನೆತನದ ಹೆಣ್ಣಿನ ಪಾತ್ರ ಮಾಡಿ ಹೆಸರು ಮಾಡಿದಳು. ಬರ್ಗಾಯ್ನ್‌ನ ಮೊದಲ ನಾಟಕ 'ದಿ ಮೇಡ್ ಆಫ್ ದಿ ಓಕ್ಸ್' ಇದೆಯಲ್ಲ, ಅದನ್ನು 1774ರಲ್ಲಿ ಹೆಂಡತಿಯ ಅಣ್ಣನ ಮಗನ ಮದುವೆ ಸಂಭ್ರಮಕ್ಕೆ ಅಂತ ಬರೆದಿದ್ದು. ಆಮೇಲೆ ಡ್ರೂರಿ ಲೇನ್ ನಡೆಸುತ್ತಿದ್ದ ನಟ ಗ್ಯಾರಿಕ್ ಅದನ್ನು ಅಲ್ಲಿಗೆ ತಂದ. ಆ ಮದುವೆ ಮುರಿಯಿತು. ಆ ಮದುಮಗನೇ, ಆಗ ಡರ್ಬಿಯ ಅರ್ಲ್, 1797ರಲ್ಲಿ ಎಲಿಜಬೆತ್ ಫ್ಯಾರೆನ್‌ಳನ್ನು ಮದುವೆಯಾದ. ವೇದಿಕೆ ಮೇಲೆ ಮಾಡಿದ ಪಾತ್ರ ಅವಳಿಗೆ ಬದುಕಿನಲ್ಲೇ ಸಿಕ್ಕಿತು.

ಕುಶಾಲನಗರದ ವಿದ್ಯಾರ್ಥಿ

ನಮ್ಮ ಕನ್ನಡದಲ್ಲೂ ಇಂಥವರು ಇದ್ದಾರೆ ಅಲ್ವಾ? ಪಂಪ ಕವಿಯೂ ಹೌದು, ಕಲಿಯೂ ಹೌದು. ಗಂಗರ ಸೇನಾಪತಿ ಚಾವುಂಡರಾಯ ಗೊಮ್ಮಟನನ್ನು ಕಡೆಸಿದ, 978ರಲ್ಲಿ ಗದ್ಯದಲ್ಲಿ ಪುರಾಣವನ್ನೂ ಬರೆದ. ಆದರೆ ಕೊಡಗಿನಲ್ಲಿ ಸೈನ್ಯದವರು ಒಂದು ಕಡೆ, ನಾಟಕದವರು ಇನ್ನೊಂದು ಕಡೆ ಆದರು. ಹರದಾಸ ಅಪ್ಪಚ್ಚ ಕವಿ ಕೊಡವ ಭಾಷೆಯಲ್ಲಿ ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಅಂತ ನಾಲ್ಕು ನಾಟಕ ಬರೆದರು. ನಡಿಕೇರಿಯಂಡ ಚಿಣ್ಣಪ್ಪ ಪೊಲೀಸ್ ಕೆಲಸದಲ್ಲಿ ಇದ್ದುಕೊಂಡೇ ಊರೂರಿನ ಹಾಡು ಸೇರಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಅವರು ಸುತ್ತಿ ಬರೆದುಕೊಳ್ಳದಿದ್ದರೆ ಇವತ್ತು ಪುತ್ತರಿ ಸುಗ್ಗಿ ಹಬ್ಬದಲ್ಲಿ ಹಾಡುವ ಎಷ್ಟು ಹಾಡು ಉಳಿಯುತ್ತಿದ್ದವು?

ನಮ್ಮ ಅಜ್ಜ ಬರ್ಮಾ ಯುದ್ಧಕ್ಕೆ ಹೋಗಿದ್ದರು. ಅವರ ಪೆಟ್ಟಿಗೆಯಲ್ಲಿ ಪದಕ ಇದೆ. ಒಂದು ಸಾಲು ಬರಹ ಇಲ್ಲ. ಸುಬೇದಾರ್ ಸರ್, ನೀವು ಮೇಲೆ ಬರೆದ ಸೇತುವೆಯ ಮಾತು ಇದೆಯಲ್ಲ, ಆರು ಜನ ಎತ್ತುವ ಪ್ಯಾನೆಲ್, ಅಂಥದ್ದನ್ನು ದಯವಿಟ್ಟು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾನು ಪೊನ್ನಂಪೇಟೆಗೆ ಬಂದು ಟೈಪ್ ಮಾಡಿಕೊಡುತ್ತೇನೆ.

ಮೇಷ್ಟ್ರು, ಮಡಿಕೇರಿ

ಎಲ್ಲ ಓದಿದೆ. ನಾಟಕದ ರೂಪ ಬದಲಾಯಿತು. ಬಾಸ್ಟನ್ ರಾತ್ರಿಯಿಂದ ಶುರು. ನಡುವೆ ಕಾಡಿನ ದಾರಿ, ಸುಬೇದಾರ್ ಸಾಹೇಬ್ರು ಹೇಳಿದ ಹಾಗೆ ಹೆಗಲ ಮೇಲೆ ಮರ. ಆಮೇಲೆ ಫ್ರೇಸರ್‌ಗೆ ಮಣ್ಣು ಕೊಡುವುದು. ಕೊನೆಯ ದೃಶ್ಯದಲ್ಲಿ ವೇದಿಕೆ ಎರಡು ಪಾಲು. ಒಂದು ಕಡೆ ಡ್ರೂರಿ ಲೇನ್‌ನಲ್ಲಿ 'ದಿ ಲಾರ್ಡ್ ಆಫ್ ದಿ ಮ್ಯಾನರ್'ನ ಮೊದಲ ರಾತ್ರಿ, ಚಪ್ಪಾಳೆ. ಇನ್ನೊಂದು ಕಡೆ ಅದೇ ರಾತ್ರಿ ಅಮೆರಿಕದ ಸೆರೆಯಲ್ಲಿ ಬೆಂಕಿ ಕಾಯಿಸುತ್ತಾ ಕೂತ ಸೈನಿಕರು. ಬರ್ಗಾಯ್ನ್‌ಗೆ ಆ ಕಡೆ ಕಾಣುವುದಿಲ್ಲ. ನೋಡುವವರಿಗೆ ಎರಡೂ ಕಾಣುತ್ತದೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಮನೆಯ ಜಗಲಿಯಲ್ಲಿ ಮೊದಲ ಓದು. ಮಳೆ ಇದ್ದರೂ ಬನ್ನಿ. ಕಡುಬು, ಅಣಬೆ ಸಾರು ಇರುತ್ತದೆ. ಪಾತ್ರಗಳು ಇನ್ನೂ ಹಂಚಿಲ್ಲ. ಸುಬೇದಾರ್ ಸಾಹೇಬ್ರು ಬರ್ಗಾಯ್ನ್ ಮಾಡಿದರೆ ಹೇಗೆ ಅಂತ ಹುಡುಗರು ಕೇಳುತ್ತಿದ್ದಾರೆ.

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಜನರಲ್ ಪಾತ್ರ ಬೇರೆ ಯಾರಿಗಾದರೂ ಕೊಡಿ ಮೇಷ್ಟ್ರೇ. ವೇದಿಕೆ ಮೇಲೆ ಓಡಿ ಬಂದು ಕೂಗುವ ಆ ಸಾರ್ಜೆಂಟ್ ಪಾತ್ರ ನನಗಿರಲಿ. ಭಾನುವಾರ ಬೂಟು ಹಾಕಿಕೊಂಡೇ ಬರುತ್ತೇನೆ. ನೋಟ್‌ಬುಕ್ಕೂ ತರುತ್ತೇನೆ, ಎರಡು ಪುಟ ಬರೆದಾಗಿದೆ.